ಸಹಾಯ ಬೇಕು: ಕ್ಲೀನ್ ರೂಮ್ (ಚಿಪ್ ಮಾಡುವ ಧೂಳುರಹಿತ ಕೋಣೆ) ಇಲ್ಲದೆ ಚಿಪ್ ತಯಾರಿಕೆ ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಮುಂದಿನ ಸೆಮಿಸ್ಟರ್‌ಗೆ ಚಿಪ್ ತಯಾರಿಕೆಯ ಹೊಸ ಕೋರ್ಸ್ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಮ್ಮ ಮಕ್ಕಳು ಚಿಪ್ ಡಿಸೈನ್‌ಗೆ ಬಳಸುವ ವೆರಿಲಾಗ್ ಭಾಷೆಯಲ್ಲಿ ಚೆನ್ನಾಗಿ ಕೋಡ್ ಬರೆಯುತ್ತಾರೆ. ಆದರೆ ಫೋಟೋಲಿಥೋಗ್ರಫಿ, ಎಚ್ಚಿಂಗ್, ಡೋಪಿಂಗ್‌ನಂಥ ತಯಾರಿಕೆಯ ಹಂತಗಳೆಲ್ಲಾ ಅವರಿಗೆ ಬರೀ ಪರೀಕ್ಷೆಯ ಉತ್ತರಗಳು. ಒಂದು ದೇಶ ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ) ನಡೆಸಬೇಕಾದರೆ ಡಿಸೈನ್ ಕಲಿತವರು ಮಾತ್ರ ಸಾಲದು ಅಲ್ವಾ? ಯೀಲ್ಡ್ (ತಯಾರಾದವುಗಳಲ್ಲಿ ಸರಿಯಾಗಿ ಕೆಲಸ ಮಾಡುವ ಚಿಪ್‌ಗಳ ಪ್ರಮಾಣ) ಯಾಕೆ ಬಿತ್ತು ಅಂತ ಹುಡುಕುವವರು ಬೇಕು. ಕೆಮಿಕಲ್, ಮೆಕ್ಯಾನಿಕಲ್ ಓದಿದವರೂ ಬೇಕು. ತೈವಾನ್ 1976ರಲ್ಲಿ ತನ್ನ ಇಂಜಿನಿಯರುಗಳನ್ನು ಅಮೆರಿಕದ ಆರ್‌ಸಿಎ ಕಂಪನಿಗೆ ತರಬೇತಿಗೆ ಕಳಿಸಿತ್ತು. ಅಲ್ಲಿನ ಉದ್ಯಮ ಬೆಳೆದದ್ದು ಅಂಥ ಜನರಿಂದ.

1978ರಲ್ಲಿ ಚಿಪ್ ಡಿಸೈನ್ ತಜ್ಞೆ ಲಿನ್ ಕಾನ್ವೇ ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡಿದಾಗ ವಿದ್ಯಾರ್ಥಿಗಳ ಡಿಸೈನ್‌ಗಳು ನಿಜವಾದ ಚಿಪ್‌ಗಳಾಗಿ ಅವರ ಕೈಗೆ ಬಂದವು. ಆ ಖುಷಿ ನಮ್ಮ ಮಕ್ಕಳಿಗೂ ಸಿಗಬೇಕು ಅಂತ ನನಗೆ ತುಂಬಾ ಆಸೆ. ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ಪಿಡಿಕೆ (ಆ ಫ್ಯಾಬ್‌ಗೆ ತಕ್ಕಂತೆ ಡಿಸೈನ್ ಮಾಡಲು ಬೇಕಾದ ನಿಯಮ ಮತ್ತು ಕಡತಗಳ ಕಟ್ಟು) 2020ರಿಂದ ಎಲ್ಲರಿಗೂ ಮುಕ್ತವಾಗಿದೆ. ಹಾಗಾಗಿ ಡಿಸೈನ್‌ಗೆ ದಾರಿ ಇದೆ. ಕಷ್ಟ ಇರುವುದು ತಯಾರಿಕೆಯ ಭಾಗದಲ್ಲಿ, ಯಾಕಂದರೆ ನಮ್ಮಲ್ಲಿ ಕ್ಲೀನ್ ರೂಮ್ ಇಲ್ಲ.

ಫ್ಯಾಬ್‌ನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಹೊಸದಾಗಿ ಸೇರುವವರಿಗೆ ನಿಜಕ್ಕೂ ಏನು ಗೊತ್ತಿರಬೇಕು? ವೇಫರ್ (ಚಿಪ್‌ಗಳನ್ನು ಮಾಡುವ ಸಿಲಿಕಾನ್ ಬಿಲ್ಲೆ) ಡೇಟಾ ಕೊಟ್ಟು ದೋಷ ಹುಡುಕಿಸುವ ಅಭ್ಯಾಸ ಮಾಡಿಸಬಹುದಾ? ಸ್ಟ್ಯಾಟಿಸ್ಟಿಕ್ಸ್ ಜಾಸ್ತಿ ಕಲಿಸಲಾ, ವ್ಯಾಕ್ಯೂಮ್ ಉಪಕರಣಗಳ ಬಗ್ಗೆ ಹೇಳಲಾ? ಎರಡಕ್ಕೂ ಸಮಯ ಸಾಲುವುದಿಲ್ಲ. ಕ್ಲೀನ್ ರೂಮ್ ಇಲ್ಲದೆ ಇಂಥ ಕೋರ್ಸ್ ನಡೆಸಿದ ಮೇಷ್ಟ್ರುಗಳಿದ್ದರೆ ನಿಮ್ಮ ಲ್ಯಾಬ್ ಪಟ್ಟಿ ಹಂಚಿಕೊಳ್ಳಿ. ಈ ತಿಂಗಳ ಕೊನೆಗೆ ಸಿಲಬಸ್ ಕೊಡಬೇಕು.