ಸ್ಟೇಷನ್ ಮಾಡೆಲ್‌ಗೆ ರೆಸಿನ್ ಪ್ರಿಂಟರ್: ಮಾಡಿ ನೋಡಿದವರು ಹೇಳಿ

ಹಾಸನದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ಸಣ್ಣ ರೈಲ್ವೆ ಸ್ಟೇಷನ್‌ನ ಮಾಡೆಲ್ ಮಾಡುತ್ತಿದ್ದೇನೆ. ಮೀಟರ್ ಗೇಜ್ ಇದ್ದ ಕಾಲದ್ದು, ಅಂದರೆ 1996ಕ್ಕೆ ಮುಂಚಿನದು. ಎಚ್‌ಒ ಸ್ಕೇಲ್ (ನಿಜದ ಅಳತೆಯ 87ರಲ್ಲಿ ಒಂದು ಪಾಲು), 12 ಮಿ.ಮೀ. ಹಳಿ. ಗುಡ್ಡ, ಮರ, ಹಳಿ ಎಲ್ಲ ಆಯಿತು. ಆದರೆ ಅಂಗಡಿಯಲ್ಲಿ ಸಿಗುವ ಬೆಂಚು, ದೀಪದ ಕಂಬ ಎಲ್ಲ ಯೂರೋಪಿನವು, ಅವನ್ನಿಟ್ಟರೆ ನಮ್ಮ ಕಡೆಯ ಸ್ಟೇಷನ್ ಅನ್ನಿಸುವುದೇ ಇಲ್ಲ. ಹಳದಿ ಬೋರ್ಡು, ಕೈಮರ (ರೆಕ್ಕೆ ಇರುವ ಹಳೇ ಸಿಗ್ನಲ್ ಕಂಬ), ಹೆಂಚಿನ ಮಾಡು ಇವನ್ನೆಲ್ಲ ರೆಸಿನ್‌ನಲ್ಲಿ, ಅಂದರೆ ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ ಬಳಸುವ 3ಡಿ ಪ್ರಿಂಟರ್‌ನಲ್ಲಿ, ಪ್ರಿಂಟ್ ಮಾಡಬಹುದಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅದನ್ನೂ ನೋಡಿಕೊಂಡು ಹೇಳಿ.

ಮೈಸೂರಿನಿಂದ:

ಸರ್, ಮಾಡಬಹುದು. ಈ ಸ್ಕೇಲ್‌ನ ಸಣ್ಣ ಸಾಮಾನಿಗೆ ರೆಸಿನ್ನೇ ಸರಿ. ಪ್ಲಾಸ್ಟಿಕ್ ತಂತಿ ಕರಗಿಸಿ ಮಾಡುವ ಪ್ರಿಂಟರ್‌ನಲ್ಲಿ ಮಂಗಳೂರು ಹೆಂಚಿನ ಏಣು ಬರುವುದಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ನಿಜವಾದ ಅಳತೆಯನ್ನು 87ರಿಂದ ಭಾಗಿಸಿ ಸುಮ್ನೆ ಪ್ರಿಂಟ್‌ಗೆ ಕೊಡಬೇಡಿ. ಹೆಂಚು ಸುಮಾರು 41 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ ಅಂದುಕೊಳ್ಳಿ, ನಿಮ್ಮ ಮಾಡೆಲ್‌ನಲ್ಲಿ ಅದು 4.7 ಮಿ.ಮೀ. ಉದ್ದ, 2.8 ಮಿ.ಮೀ. ಅಗಲ. ಇಲ್ಲಿಯವರೆಗೆ ತೊಂದರೆ ಇಲ್ಲ. ಆದರೆ ಹೆಂಚಿನ ಮೇಲಿನ ಏಣು 2 ಸೆಂ.ಮೀ. ಇದ್ದರೆ ಅದು 0.23 ಮಿ.ಮೀ. ಆಗುತ್ತದೆ, ಮೇಲೆ ಪ್ರೈಮರ್, ಬಣ್ಣ ಬಿದ್ದ ಮೇಲೆ ಕಾಣುವುದೇ ಇಲ್ಲ. ನಾನು ಅದನ್ನು 0.4ಕ್ಕೆ ಏರಿಸಿದೆ. ಅಳತೆ ತಪ್ಪು, ಆದರೆ ಎರಡು ಅಡಿ ದೂರದಿಂದ ನೋಡಿದರೆ ಥೇಟ್ ಹೆಂಚಿನ ಮನೆ. ಕೈಮರದ ರೆಕ್ಕೆಯೂ ಹಾಗೇ. ನಿಜದ ತಗಡಿನ ದಪ್ಪ ಇಳಿಸಿದರೆ ಕಾಗದಕ್ಕಿಂತ ತೆಳು, ಅರ್ಧ ಮಿ.ಮೀ. ಇಡಿ.

ಮಾಡು ಪೂರ್ತಿ ಒಂದೇ ಹಾಳೆಯಾಗಿ ಮಾಡಬೇಡಿ, ಬಿಲ್ಲಿನ ಹಾಗೆ ಬಾಗುತ್ತದೆ. 5–6 ಸೆಂ.ಮೀ. ತುಂಡು ಮಾಡಿ, ಪ್ಲೇಟ್ ಮೇಲೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಸಪೋರ್ಟ್ (ಪ್ರಿಂಟ್ ಆಗುವಾಗ ತುಂಡನ್ನು ಹಿಡಿದಿಡುವ ಸಣ್ಣ ಕಡ್ಡಿಗಳು) ಎಲ್ಲ ಕೆಳಮೈಗೆ ಕೊಡಿ. ತೊಳೆದ ಮೇಲೆ, ಯುವಿ ಬೆಳಕಿಗೆ ಇಡುವ ಮೊದಲೇ, ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಸಪೋರ್ಟ್ ಕಿತ್ತರೆ ಕಲೆ ಉಳಿಯುವುದಿಲ್ಲ. ಪ್ರಿಂಟಿನ ಒಂದೊಂದು ಪದರ 0.05 ಮಿ.ಮೀ. ಸಾಕು. ಬೋರ್ಡಿನ ಅಕ್ಷರಕ್ಕೆ ಮಾತ್ರ 0.03 ಇಡುತ್ತೇನೆ.

ಅಳತೆ ಬೇಕಿದ್ದರೆ ನಮ್ಮ ಊರಿನ ರೈಲ್ವೆ ಮ್ಯೂಸಿಯಂಗೆ ಒಮ್ಮೆ ಬನ್ನಿ. 1979ರಿಂದ ಇದೆ, ಮೀಟರ್ ಗೇಜ್ ಇಂಜಿನ್‌ಗಳ ಹತ್ತಿರ ನಿಂತು ನೋಡಬಹುದು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟುಕೊಳ್ಳಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತಾಗ ಅದರ ಬೆಲೆ ಗೊತ್ತಾಗುತ್ತದೆ.

ಉಡುಪಿಯಿಂದ:

ಮಕ್ಕಳ ವಿಷಯ ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು. ನಾನು ಶುರುವಿನಲ್ಲಿ ಕೈಗವಸು ಇಲ್ಲದೆ ಪ್ರಿಂಟ್ ಎತ್ತುತ್ತಿದ್ದೆ, ಎರಡು ತಿಂಗಳ ಮೇಲೆ ಬೆರಳ ಸಂದಿಯಲ್ಲಿ ತುರಿಕೆ, ಕೆಂಪು ಬೊಕ್ಕೆ. ಒಮ್ಮೆ ಅಲರ್ಜಿ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಬರುತ್ತದೆ, ಈಗಲೂ ನನಗೆ ಹಾಗೇ. ನೈಟ್ರೈಲ್ ಕೈಗವಸು ಹಾಕಿ, ಕನ್ನಡಕ ಹಾಕಿ. ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಪ್ರಿಂಟರ್ ಬೇಡವೇ ಬೇಡ. ಕಿಟಕಿ ಇರುವ, ಬೀಗ ಹಾಕಬಹುದಾದ ಕೋಣೆ ಇದ್ದರೆ ಮಾತ್ರ ತಗೊಳ್ಳಿ ಅನ್ನುತ್ತೇನೆ.

ಪ್ರಿಂಟ್ ತೊಳೆದ ಐಪಿಎಯನ್ನು (ಐಸೊಪ್ರೊಪೈಲ್ ಆಲ್ಕೋಹಾಲ್) ಸಿಂಕಿಗೆ ಸುರಿಯಬೇಡಿ. ಪಾರದರ್ಶಕ ಬಾಟಲಿಯಲ್ಲಿ ಮುಚ್ಚಿ ಬಿಸಿಲಿನ ಬೆಳಕಿಗೆ ಇಡಿ, ರೆಸಿನ್ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ, ಮೇಲಿನದ್ದು ಸೋಸಿ ಮತ್ತೆ ಬಳಸಬಹುದು. ಬೆಂಕಿ ಬೇಗ ಹತ್ತುವ ವಸ್ತು, ಒಲೆ, ದೀಪದಿಂದ ದೂರ ಇರಲಿ. ನೀರಲ್ಲಿ ತೊಳೆಯುವ ರೆಸಿನ್ ಅಂತ ಬರುತ್ತದೆ, ಆ ನೀರನ್ನೂ ಚರಂಡಿಗೆ ಬಿಡುವ ಹಾಗಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಅದರ ಪ್ರಿಂಟ್‌ಗಳು ಸರಿಯಾಗಿ ಒಣಗದೆ ಸೀಳಿದ್ದನ್ನೂ ನೋಡಿದ್ದೇನೆ, ಹಾಗಾಗಿ ನಾನು ಐಪಿಎಗೇ ವಾಪಸ್ ಬಂದೆ.

ಬೆಂಗಳೂರಿನಿಂದ:

ಎರಡೇ ಮಾತು. ಕೈಮರದ ಏಣಿ, ಕಂಬಿ, ರೇಲಿಂಗ್ ಇವನ್ನು ರೆಸಿನ್‌ನಲ್ಲಿ ಮಾಡಬೇಡಿ, ಧೂಳು ಒರೆಸುವಾಗ ಬಟ್ಟೆ ಸಿಕ್ಕಿದರೆ ಪಟ್ ಅಂತ ಮುರಿಯುತ್ತದೆ. ಮಾಡೆಲ್‌ನಲ್ಲಿ 0.4 ಮಿ.ಮೀ. ತೂತು ಬಿಟ್ಟು 0.3 ಮಿ.ಮೀ. ಹಿತ್ತಾಳೆ ತಂತಿ ಸೇರಿಸಿ, ಫೆವಿಕ್ವಿಕ್ ಹಾಕಿದರೆ ಆಯಿತು. ಪ್ಲಾಸ್ಟಿಕ್ ಕಿಟ್ ಅಂಟಿಸುವ ಸಿಮೆಂಟ್ ರೆಸಿನ್‌ಗೆ ಹಿಡಿಯುವುದಿಲ್ಲ.

ಇನ್ನೊಂದು, ನೀರಿನ ಟ್ಯಾಂಕಿನಂಥ ದಪ್ಪ ವಸ್ತುವನ್ನು ಪೊಳ್ಳು ಮಾಡಿದರೆ 2–3 ಮಿ.ಮೀ. ತೂತು ಎರಡಾದರೂ ಇರಲಿ, ಒಳಗನ್ನೂ ತೊಳೆಯಿರಿ. ನನ್ನ ಟ್ಯಾಂಕ್ ಬಣ್ಣ ಹಚ್ಚಿ ಇಟ್ಟು ನಾಲ್ಕು ತಿಂಗಳಾದ ಮೇಲೆ ಸೀಳಿ, ಒಳಗೆ ಉಳಿದಿದ್ದ ಹಸಿ ರೆಸಿನ್ ಸೋರಿ ಪ್ಲಾಟ್‌ಫಾರ್ಮ್ ಹಾಳಾಯಿತು. ಡಿಸೆಂಬರ್ ರಾತ್ರಿ ಪ್ರಿಂಟ್ ಕೈಕೊಡುತ್ತಿದ್ದರೆ ಸೆಟ್ಟಿಂಗ್ ಬದಲಿಸುವ ಮೊದಲು ರೆಸಿನ್ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡಿ, ಚಳಿಗೆ ಅದು ಮಂದವಾಗಿರುತ್ತದೆ ಅಷ್ಟೇ.

ಹಾಸನದಿಂದ:

ತುಂಬಾ ಉಪಕಾರವಾಯಿತು. ಮಹಡಿ ಮೇಲೆ ಬೀಗ ಹಾಕುವ ಒಂದು ಕೋಣೆ ಇದೆ, ಅಲ್ಲೇ ಇಡುತ್ತೇನೆ. ಮೊದಲು ಬೋರ್ಡು ಮಾಡೋಣ ಅಂತ. ಕನ್ನಡ ಅಕ್ಷರ ಚೆನ್ನಾಗಿ ಬರುತ್ತದಾ? ಒತ್ತಕ್ಷರದ್ದೇ ಚಿಂತೆ.

ಮೈಸೂರಿನಿಂದ:

ಬರುತ್ತದೆ. ಊರಿನ ಹೆಸರು 3.5 ಮಿ.ಮೀ. ಎತ್ತರ ಇರಲಿ, ಅಕ್ಷರ 0.25 ಉಬ್ಬಿರಲಿ. ತೆಳು ಗೆರೆಯ ಫಾಂಟ್ ಆರಿಸಿ, ಒತ್ತಕ್ಷರದ ಒಳಗಿನ ಖಾಲಿ ಜಾಗ 0.25ಕ್ಕಿಂತ ಕಡಿಮೆ ಇದ್ದರೆ ರೆಸಿನ್ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. "ಬ್ರ", "ಹ್ಮ" ಇರುವ ಹೆಸರಾದರೆ ಒತ್ತನ್ನು ಕೈಯಾರೆ ಸ್ವಲ್ಪ ಕೆಳಗೆ ಎಳೆದು ಬಿಡಿಸಿ. ಪೂರ್ತಿ ಹಳದಿ ಸ್ಪ್ರೇ ಹೊಡೆದು, ಒಣಗಿದ ಮೇಲೆ ಸ್ಪಂಜಿನ ತುದಿಗೆ ಕಪ್ಪು ಬಣ್ಣ ಮುಟ್ಟಿಸಿ ಅಕ್ಷರದ ನೆತ್ತಿ ಮೇಲೆ ಮೆಲ್ಲಗೆ ಒತ್ತಿ. ಕೆಳಗಿನ ಸಮುದ್ರ ಮಟ್ಟದ ಸಾಲು ಬಿಡಬೇಡಿ, ಅದಿಲ್ಲದೆ ಬೋರ್ಡು ಬೋರ್ಡಿನ ಹಾಗಿರುವುದಿಲ್ಲ. ಆದರೆ ಅದು 1 ಮಿ.ಮೀ. ಕೂಡ ಇರುವುದಿಲ್ಲ, ರೆಸಿನ್‌ನಲ್ಲಿ ಬರುವುದು ಕಷ್ಟ. ಅದಷ್ಟನ್ನು ಡೀಕಾಲ್ (ಅಕ್ಷರ ಮುದ್ರಿಸಿದ ತೆಳು ಅಂಟುಹಾಳೆ) ಮಾಡಿ ಅಂಟಿಸಿ.