ರಂಗನತಿಟ್ಟಿನ ಮೊಸಳೆ ಬಾಯಿ ತೆರೆದು ಮಲಗೋದು ಯಾಕೆ?

ಹೊಳೆದಂಡೆ: ಮೊನ್ನೆ ಮಕ್ಕಳ ಜೊತೆ ರಂಗನತಿಟ್ಟಿಗೆ ಹೋಗಿದ್ದೆವು. ಬಂಡೆ ಮೇಲೆ ದೊಡ್ಡ ಮೊಸಳೆಯೊಂದು ಬಾಯಿ ಅಗಲಿಸಿಕೊಂಡು ಅಲ್ಲಾಡದೆ ಬಿದ್ದಿತ್ತು. ಹಸಿದಿದೆ ಅಂತ ದೋಣಿಯಲ್ಲಿದ್ದ ಒಬ್ಬರು, ಸಿಟ್ಟು ಬಂದಿದೆ ಅಂತ ಇನ್ನೊಬ್ಬರು. ಯಾವುದು ನಿಜ? ಇನ್ನೊಂದು, ಅದರ ತಲೆ ಮೇಲಿನ ಮರದಲ್ಲೇ ಕೊಕ್ಕರೆಗಳು ಗೂಡು ಕಟ್ಟಿವೆ. ಅವಕ್ಕೆ ಭಯ ಇಲ್ವಾ?

ಕೆರೆಏರಿ: ಎರಡೂ ಅಲ್ಲ. ಮೊಸಳೆ ಮೈ ಕಾಯಿಸಿಕೊಳ್ಳಲು ಬಿಸಿಲಿಗೆ ಬರುತ್ತದೆ. ಅದಕ್ಕೆ ಬೆವರು ಬರುವುದಿಲ್ಲ, ಹಾಗಾಗಿ ಬಾಯಿ ತೆರೆದರೆ ಒಳಗಿನ ಪಸೆ ಆರಿ ತಲೆ ಜಾಸ್ತಿ ಕಾಯುವುದಿಲ್ಲ. ಮಳೆಯಲ್ಲೂ ರಾತ್ರಿಯಲ್ಲೂ ಹೀಗೆ ಬಾಯಿ ತೆರೆಯುವುದುಂಟು, ಅಂದರೆ ಇದೊಂದೇ ಕಾರಣ ಅಲ್ಲ. ಹಸಿವಿನ ಮಾತು ಬಿಡಿ, ಒಮ್ಮೆ ಹೊಟ್ಟೆ ತುಂಬಿದರೆ ವಾರಗಟ್ಟಲೆ ಸುಮ್ನೆ ಇರಬಲ್ಲ ಪ್ರಾಣಿ ಅದು.

ಗೂಡುಗಣ್ಣು: ಹಕ್ಕಿಗಳ ಲೆಕ್ಕ ಬೇರೆ. ಮೊಸಳೆ ಮರ ಹತ್ತಲ್ಲ, ಗೂಡಿಗೆ ಕಾಟ ಕೊಡುವುದು ಹತ್ತುವ ಪ್ರಾಣಿಗಳು. ಅಮೆರಿಕದ ಫ್ಲೋರಿಡಾದಲ್ಲಿ ಬೆಳ್ಳಕ್ಕಿಗಳು ಅಲಿಗೇಟರ್ (ಮೊಸಳೆಯ ಹತ್ತಿರದ ನೆಂಟ) ಇರುವ ನೀರಿನ ಮೇಲೆಯೇ ಗೂಡು ಕಟ್ಟುತ್ತವೆ, ಯಾಕೆಂದರೆ ಮರ ಹತ್ತಿ ಮೊಟ್ಟೆ ಕದಿಯುವ ರಕೂನ್ ಎಂಬ ಪ್ರಾಣಿಗಳು ಅಲ್ಲಿಗೆ ಈಜಿ ಬರಲು ಹೆದರುತ್ತವೆ. ಕೆಳಗೆ ಬಿದ್ದ ಮರಿ ಅಲಿಗೇಟರ್ ಪಾಲು, ಅದೇ ಬಾಡಿಗೆ ಅಂದುಕೊಳ್ಳಿ. ನಮ್ಮಲ್ಲೂ ಹೀಗೇ ಇರಬಹುದು. ಆದರೆ ನನ್ನನ್ನು ಕೇಳಿದರೆ ರಂಗನತಿಟ್ಟಿನ ಗೂಡುಗಳಿಗೆ ಮೊಸಳೆಗಿಂತ ಕೆಆರ್‌ಎಸ್‌ನಿಂದ ಒಮ್ಮೆಲೇ ಬಿಡುವ ನೀರೇ ದೊಡ್ಡ ಅಪಾಯ. ನಡುಗಡ್ಡೆ ಮುಳುಗಿದರೆ ತಗ್ಗಿನ ಗೂಡು ಮೊಟ್ಟೆ ಸಮೇತ ಕೊಚ್ಚಿಹೋಗುತ್ತದೆ.

ಮೊಸಳೆ ಮೂತಿ ಮೇಲೆ ಕಡ್ಡಿ ಇಟ್ಟುಕೊಂಡು, ಗೂಡಿಗೆ ಕಡ್ಡಿ ಹುಡುಕಿ ಬರುವ ಹಕ್ಕಿಗೆ ಬಲೆ ಬೀಸುತ್ತೆ ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದು ಪೂರ್ತಿ ಕಟ್ಟುಕಥೆ ಅಲ್ಲ. ಚೆನ್ನೈ ಹತ್ತಿರ ಮೊಸಳೆ ಸಾಕುವ ಕೇಂದ್ರವಾದ ಮೊಸಳೆ ಬ್ಯಾಂಕಿನಲ್ಲಿ ಕಂಡದ್ದನ್ನು 2013ರಲ್ಲಿ ಪ್ರಕಟಿಸಿದ್ದಾರೆ. ಆಮೇಲೆ ಅಲಿಗೇಟರ್‌ಗಳ ಮೇಲೆ ಪರೀಕ್ಷೆ ಮಾಡಿದಾಗ ಬೇಟೆಗೆಂದೇ ಹಾಗೆ ಮಾಡುತ್ತವೆ ಅಂತ ಸಾಬೀತಾಗಲಿಲ್ಲ.

ಕೃಷ್ಣೆಕಡೆಯವ: ನಮ್ಮದು ರಾಯಚೂರು ಕಡೆ, ಹೊಲಕ್ಕೆ ಕೃಷ್ಣಾ ನೀರು. ದೋಣಿಯಿಂದ ನೋಡುವ ಮೊಸಳೆಗೂ ಮೋಟರ್ ಚಾಲೂ ಮಾಡಲು ದಂಡೆಗೆ ಇಳಿದಾಗ ಸಿಗುವ ಮೊಸಳೆಗೂ ಬಹಳ ವ್ಯತ್ಯಾಸ ಇದೆ ಸರ್. ಕಣ್ಣು, ಮೂಗಿನ ತುದಿ ಬಿಟ್ಟು ಏನೂ ಕಾಣುವುದಿಲ್ಲ. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನೀರಿಗಿಳಿಯಬೇಡಿ, ಅದು ಗಮನಿಸುತ್ತಿರುತ್ತದೆ. ಬೇಸಿಗೆಯಲ್ಲಿ ಮರಳಿನಲ್ಲಿ ಗುಂಡಿ ತೋಡಿ 25-30 ಮೊಟ್ಟೆ ಇಡುತ್ತದೆ, ಆಗ ತಾಯಿ ಅಲ್ಲೇ ಸುತ್ತಮುತ್ತ ಇರುತ್ತಾಳೆ. ಆ ಕಡೆ ದನ ಬಿಡಲೇಬಾರದು. ಮಳೆಗಾಲದ ಪ್ರವಾಹದಲ್ಲಿ ಹೊಲಕ್ಕೇ ಬಂದು ಕೂರುತ್ತದೆ. ಹೊಡೆಯಲು ಹೋಗದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕೆರೆಏರಿ: ಮೊಟ್ಟೆ ವಿಷಯ ಬಂತಲ್ಲ, ಒಳಗಿರುವುದು ಗಂಡೋ ಹೆಣ್ಣೋ ಅಂತ ತೀರ್ಮಾನಿಸುವುದು ಗುಂಡಿಯ ಶಾಖ. ಸುಮಾರು 32.5 ಡಿಗ್ರಿ ಇದ್ದರೆ ಗಂಡು. ಅದಕ್ಕಿಂತ ತಂಪಾದರೆ ಹೆಣ್ಣು ಜಾಸ್ತಿ. ಎರಡು ತಿಂಗಳಾದ ಮೇಲೆ ಮರಿಗಳು ಒಳಗಿಂದಲೇ ಕೂಗುತ್ತವೆ, ತಾಯಿ ಗುಂಡಿ ಬಗೆದು ಬಾಯಲ್ಲೇ ಎತ್ತಿಕೊಂಡು ನೀರಿಗೆ ಬಿಡುತ್ತಾಳೆ.

ಹೊಳೆದಂಡೆ: ಅಬ್ಬಾ, ಆ ಹಲ್ಲಿನ ನಡುವೆ! ಮರಿ ನೋಡಬೇಕು ಅಂತ ಮಗಳ ಹಠ. ಯಾವಾಗ ಬರಬೇಕು?

ಗೂಡುಗಣ್ಣು: ಮೇ, ಜೂನ್ ಪ್ರಯತ್ನಿಸಿ. ಯಾವ ಬಂಡೆ ಅಂತ ಹಳೇ ದೋಣಿಯವರನ್ನೇ ಕೇಳಿ. ಮಳೆ ಜೋರಾಗಿ ಅಣೆಕಟ್ಟಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.