ಆಫೀಸ್ ಲ್ಯಾಪ್‌ಟಾಪ್‌ಗೆ ವಾಕಾಟೈಮ್ ಹಾಕಬಹುದಾ? ಏನೇನು ಹೊರಗೆ ಹೋಗುತ್ತೆ?

ಟ್ಯಾಬ್_ಸ್ಪೇಸ್:
ನಮಸ್ಕಾರ. ದಿನವಿಡೀ ಮೂರ್ನಾಲ್ಕು ರೆಪೋಗಳ (ಒಂದೊಂದು ಪ್ರಾಜೆಕ್ಟಿನ ಕೋಡ್ ಇಡುವ ಜಾಗಗಳ) ಮಧ್ಯೆ ಓಡಾಡುತ್ತಿರುತ್ತೇನೆ, ಸಂಜೆ ಟೈಮ್‌ಶೀಟ್ ತುಂಬುವಾಗ ಸುಮ್ನೆ ಅಂದಾಜಿಗೆ ಬರೆಯುತ್ತೇನೆ. ಅದಕ್ಕೇ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ, ಯಾವ ಪ್ರಾಜೆಕ್ಟಿಗೆ ಎಷ್ಟು ಹೊತ್ತು ಹೋಯಿತು ಅಂತ ತಾನೇ ಲೆಕ್ಕ ಇಡುವ ವಾಕಾಟೈಮ್ ಎಕ್ಸ್‌ಟೆನ್ಶನ್ ಹಾಕಿದೆ. ಅಡ್ಮಿನ್ ಪಾಸ್‌ವರ್ಡ್ ಕೂಡ ಕೇಳಲಿಲ್ಲ, ಹಾಗಾಗಿ ಪರವಾಗಿಲ್ಲ ಅಂದುಕೊಂಡೆ. ಎಪಿಐ ಕೀ (ನನ್ನ ವಾಕಾಟೈಮ್ ಅಕೌಂಟಿನ ಗುಟ್ಟಿನ ಕೀ) ಕೊಟ್ಟಾಯಿತು, ಆದರೆ ಡ್ಯಾಶ್‌ಬೋರ್ಡ್ ಖಾಲಿ. ಲಾಗ್ ನೋಡಿದರೆ ಸರ್ಟಿಫಿಕೇಟ್ ಎರರ್. ಎಸ್‌ಎಸ್‌ಎಲ್ ಪರಿಶೀಲನೆ, ಅಂದರೆ ಆ ಕಡೆಯ ಸರ್ವರ್ ಅಸಲಿಯೇ ಅಂತ ಸರ್ಟಿಫಿಕೇಟ್ ನೋಡುವುದನ್ನು, ಆಫ್ ಮಾಡುವ ಸೆಟ್ಟಿಂಗ್ ಒಂದಿದೆಯಂತೆ, ಮಾಡಿಬಿಡಲಾ? ಇನ್ನೊಂದು, ಇದು ನನ್ನ ಕೋಡನ್ನು ಹೊರಗೆ ಕಳಿಸುತ್ತಾ?

ಹಳೇ_ಅಡ್ಮಿನ್:
ಆಫ್ ಮಾಡಬೇಡಿ ಮಾರಾಯ್ರೇ. ಆ ಎರರ್ ಯಾಕೆ ಬರುತ್ತಿದೆ ಅಂದರೆ, ಬಹುಶಃ ನಿಮ್ಮ ಆಫೀಸಿನ ಪ್ರಾಕ್ಸಿ (ಇಂಟರ್ನೆಟ್‌ಗೆ ಹೋಗುವ ದಾರಿಯಲ್ಲಿ ಕೂತ ಸರ್ವರ್) ಹೊರಗೆ ಹೋಗುವ ಎಚ್‌ಟಿಟಿಪಿಎಸ್ ಟ್ರಾಫಿಕ್ಕನ್ನು ಮಧ್ಯದಲ್ಲಿ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಹಚ್ಚಿ ಮುಂದಕ್ಕೆ ಬಿಡುತ್ತೆ. ಬ್ರೌಸರ್ ಅದನ್ನು ನಂಬುತ್ತೆ, ಯಾಕೆಂದರೆ ಐಟಿಯವರು ಕಂಪನಿಯ ರೂಟ್ ಸರ್ಟಿಫಿಕೇಟನ್ನು ಮೊದಲೇ ಮಷೀನ್‌ಗೆ ಹಾಕಿರುತ್ತಾರೆ. ವಾಕಾಟೈಮ್‌ಗೆ ಅದು ಸಿಗುತ್ತಿಲ್ಲ, ಅಷ್ಟೇ. ಹೋಮ್ ಫೋಲ್ಡರ್‌ನಲ್ಲಿ ಡಾಟ್‌ನಿಂದ ಶುರುವಾಗುವ ವಾಕಾಟೈಮ್ ಸಿಎಫ್‌ಜಿ (ಸೆಟ್ಟಿಂಗ್) ಫೈಲ್ ಇರುತ್ತದಲ್ಲ, ಅದರಲ್ಲಿ ಸರ್ಟಿಫಿಕೇಟ್ ಫೈಲಿನ ದಾರಿ ಕೊಡುವ ಸಾಲು ಸೇರಿಸಬಹುದು. ಪರಿಶೀಲನೆಯನ್ನೇ ತೆಗೆದರೆ ಮಧ್ಯದಲ್ಲಿ ಕೂತವರು ಯಾರಾದರೂ ಸರಿ, ನಿಮ್ಮ ಎಪಿಐ ಕೀ ಅವರ ಕೈಗೆ.

ಇನ್ನು ಪಾಸ್‌ವರ್ಡ್ ಕೇಳಲಿಲ್ಲ ಅನ್ನೋ ಮಾತು. ಅದನ್ನು ಅನುಮತಿ ಅಂತ ತಿಳಿಯಬೇಡಿ. ಎಕ್ಸ್‌ಟೆನ್ಶನ್ ನಿಮ್ಮ ಯೂಸರ್ ಫೋಲ್ಡರ್‌ಗೆ ಹೋಗಿ ಕೂರುತ್ತೆ, ಅದಕ್ಕೆ ಅಡ್ಮಿನ್ ಹಕ್ಕು ಬೇಕಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲಲ್ಲ. ಮೊದಲ ಸಲ ಓಡಿದಾಗ ವಾಕಾಟೈಮ್ ಸಿಎಲ್‌ಐ ಅನ್ನೋ ಬೈನರಿಯನ್ನು (ನೇರವಾಗಿ ಓಡುವ ಪ್ರೋಗ್ರಾಂ ಫೈಲನ್ನು) ಗಿಟ್‌ಹಬ್‌ನಿಂದ ಇಳಿಸಿಕೊಂಡು ಹೋಮ್ ಫೋಲ್ಡರ್‌ನಲ್ಲಿ ಇಡುತ್ತೆ, ಡೇಟಾ ಕಳಿಸೋದು ಅದೇ. ಭದ್ರತಾ ಸಾಫ್ಟ್‌ವೇರ್ ಕಣ್ಣಿಗೆ ಇದು ಹೇಗೆ ಕಾಣುತ್ತೆ ಯೋಚಿಸಿ. ಗುರುತಿಲ್ಲದ ಎಕ್ಸಿಕ್ಯೂಟಬಲ್ ಒಂದು ಯೂಸರ್ ಫೋಲ್ಡರ್‌ನಿಂದ ಓಡುತ್ತಾ ಗಳಿಗೆಗೊಮ್ಮೆ ಹೊರಗಿನ ಸರ್ವರ್‌ಗೆ ಏನೋ ಕಳಿಸುತ್ತಿದೆ. ನಾನಾಗಿದ್ದರೆ ಫೋನ್ ಮಾಡಿ ಕೇಳುತ್ತಿದ್ದೆ. ಅವರು ಕೇಳುವ ಮೊದಲು ನೀವೇ ಹೇಳಿ.

ರಾತ್ರಿ_ಬಿಲ್ಡ್:
ಕೋಡ್ ಹೋಗುತ್ತಾ ಅಂದರೆ, ಇಲ್ಲ. ಹೋಗೋದು ಹಾರ್ಟ್‌ಬೀಟ್, ಅಂದರೆ 'ಇಲ್ಲಿ ಕೆಲಸ ನಡೆಯುತ್ತಿದೆ' ಅನ್ನೋ ಚಿಕ್ಕ ಸಂದೇಶ. ಫೈಲ್ ಬದಲಿಸಿದಾಗ, ಸೇವ್ ಮಾಡಿದಾಗ, ಒಂದೇ ಫೈಲಿನಲ್ಲಿ ಕೆಲಸ ಮಾಡುತ್ತಿದ್ದರೆ 2 ನಿಮಿಷಕ್ಕೊಮ್ಮೆ. ಅದರಲ್ಲಿ ಸಮಯ, ಫೈಲಿನ ಪೂರ್ತಿ ದಾರಿ, ಪ್ರಾಜೆಕ್ಟ್ ಹೆಸರು, ಬ್ರಾಂಚ್ (ಒಂದೊಂದು ಬದಲಾವಣೆಗೆ ತೆಗೆಯುವ ಕೋಡಿನ ಪ್ರತ್ಯೇಕ ಕವಲು) ಹೆಸರು, ಯಾವ ಭಾಷೆ, ಎಷ್ಟು ಸಾಲು ಇಂಥವೆಲ್ಲ ಇರುತ್ತವೆ.

ಅಯ್ಯೋ ಇಷ್ಟೇನಾ ಅನ್ನಿಸುತ್ತೆ ಅಲ್ವಾ? ನಿಮ್ಮ ಬ್ರಾಂಚ್ ಹೆಸರುಗಳನ್ನು ಒಮ್ಮೆ ನೋಡಿ. ನಮ್ಮಲ್ಲಿ ಅರ್ಧಕ್ಕೆ ಗ್ರಾಹಕರ ಹೆಸರೇ ಇರುತ್ತೆ, ಅದರ ಹಿಂದೆ ಟಿಕೆಟ್ ನಂಬರ್, ಅದರ ಹಿಂದೆ 'ಲಾಗಿನ್‌ಬೈಪಾಸ್‌ಫಿಕ್ಸ್' ಥರದ್ದು. ಕೋಡ್ ಒಂದು ಸಾಲೂ ಹೋಗದಿದ್ದರೂ, ಯಾವ ಗ್ರಾಹಕರ ಸಾಫ್ಟ್‌ವೇರಿನಲ್ಲಿ ಯಾವ ಭದ್ರತಾ ತೂತು ಇನ್ನೂ ಮುಚ್ಚಿಲ್ಲ ಅನ್ನೋದು ನಿಮ್ಮ ಸ್ವಂತ ಅಕೌಂಟಿನಲ್ಲಿ ಹೋಗಿ ಕೂತಿರುತ್ತೆ. ನೀವು ಕೆಲಸ ಬಿಟ್ಟ ಮೇಲೂ.

ಅದೇ ಸಿಎಫ್‌ಜಿ ಫೈಲಿನಲ್ಲಿ ಫೈಲ್, ಪ್ರಾಜೆಕ್ಟ್, ಬ್ರಾಂಚ್ ಹೆಸರು ಮೂರನ್ನೂ ಮರೆಮಾಡುವ ಸಾಲುಗಳಿವೆ. ಬೇಡದ ಫೋಲ್ಡರ್ ಪೂರ್ತಿ ಬಿಡಬೇಕು ಅಂದರೆ ಎಕ್ಸ್‌ಕ್ಲೂಡ್ ಇದೆ. ಇಲ್ಲಾಂದ್ರೆ ವಾಕಾಪಿ ಅಂತ ಓಪನ್ ಸೋರ್ಸ್ ಸರ್ವರ್ ಇದೆ, ಕಂಪನಿಯ ಒಳಗೇ ನಡೆಸಿ ಎಪಿಐ ವಿಳಾಸವನ್ನು ಅದಕ್ಕೆ ತಿರುಗಿಸಿದರೆ ಹೆಸರು ಹೊರಗೆ ಹೋಗುವ ತಲೆನೋವೇ ಇಲ್ಲ.

ಸೆಮಿಕೋಲನ್:
ಒಬ್ಬರ ಟೈಮ್‌ಶೀಟ್‌ಗೆ ಇಷ್ಟೆಲ್ಲ ಯಾಕೆ? ಆಕ್ಟಿವಿಟಿವಾಚ್ ಹಾಕಿ, ಅದೂ ಸಮಯದ ಲೆಕ್ಕ ಇಡುವ ಸಾಫ್ಟ್‌ವೇರೇ. ಡೇಟಾ ನಿಮ್ಮ ಮಷೀನ್‌ನಲ್ಲೇ ಉಳಿಯುತ್ತೆ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 5600 (ನಿಮ್ಮ ಮಷೀನಿನದೇ ವಿಳಾಸ) ತೆರೆದರೆ ನೋಡಬಹುದು. ಯಾವ ಕೀ ಒತ್ತಿದಿರಿ ಅಂತ ಬರೆದುಕೊಳ್ಳಲ್ಲ, ಕೀಬೋರ್ಡ್ ಮೌಸ್ ಅಲ್ಲಾಡುತ್ತಿದೆಯಾ ಅಂತ ಮಾತ್ರ ನೋಡುತ್ತೆ.

ಹಳೇ_ಅಡ್ಮಿನ್:
ಒಳ್ಳೇದೇ, ಆದರೆ ಅದು ಕಿಟಕಿಗಳ ಟೈಟಲ್ ಬರೆದಿಟ್ಟುಕೊಳ್ಳುತ್ತೆ. ಮೇಲ್‌ನ ವಿಷಯದ ಸಾಲು, ಚಾಟ್‌ನಲ್ಲಿ ಯಾರ ಜೊತೆ ಮಾತಾಡುತ್ತಿದ್ದೀರಿ, ಎಲ್ಲ ಟೈಟಲ್‌ನಲ್ಲೇ ಬಂದುಬಿಡುತ್ತೆ. ಲ್ಯಾಪ್‌ಟಾಪ್ ಕಂಪನಿಯದ್ದು, ಆ ಡೇಟಾಬೇಸ್ ಫೈಲ್ ಕೂತಿರೋದು ಅದೇ ಡಿಸ್ಕಿನಲ್ಲಿ. ನಾಳೆ ರಿಪೇರಿಗೆ ಕೊಟ್ಟರೆ ಅದೂ ಜೊತೆಗೇ ಹೋಗುತ್ತೆ. ಇದಕ್ಕೂ ಅನುಮತಿ ಬೇಕು, ವಿನಾಯಿತಿ ಏನಿಲ್ಲ.

ಟ್ಯಾಬ್_ಸ್ಪೇಸ್:
ಬ್ರಾಂಚ್ ಹೆಸರಿನ ವಿಷಯ ಹೊಳೆದಿರಲೇ ಇಲ್ಲ. ಸದ್ಯಕ್ಕೆ ಎಕ್ಸ್‌ಟೆನ್ಶನ್ ತೆಗೆದೆ, ಐಟಿಗೆ ಟಿಕೆಟ್ ಹಾಕುತ್ತೇನೆ. ಈ ಮಧ್ಯೆ ಲೀಡ್ ಬಳಿ ಬಾಯಿ ಬಿಟ್ಟೆ, 'ಚೆನ್ನಾಗಿದೆ, ಇಡೀ ಟೀಮ್‌ಗೆ ಹಾಕೋಣ, ವಾರಕ್ಕೊಮ್ಮೆ ಡ್ಯಾಶ್‌ಬೋರ್ಡ್ ನೋಡೋಣ' ಅಂದರು.

ರಾತ್ರಿ_ಬಿಲ್ಡ್:
ಅಲ್ಲಿಗೆ ಮುಗೀತು ಕಥೆ. ವಾಕಾಟೈಮ್ ಅಳೆಯೋದು ಎಡಿಟರ್‌ನಲ್ಲಿ ಕಳೆದ ಸಮಯವನ್ನು. ಎರಡು ಹಾರ್ಟ್‌ಬೀಟ್ ನಡುವಿನ ಅಂತರ 15 ನಿಮಿಷದ ಒಳಗಿದ್ದರೆ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅಷ್ಟನ್ನೂ ಕೆಲಸ ಅಂತ ಲೆಕ್ಕ ಹಾಕುತ್ತೆ, ನೀವು ನೀರು ಕುಡಿಯಲು ಎದ್ದಿದ್ದರೂ. ಅದೇ ಬೋರ್ಡ್ ಮುಂದೆ ನಿಂತು ಒಂದು ಗಂಟೆ ಡಿಸೈನ್ ಚರ್ಚೆ ಮಾಡಿದರೆ ಸೊನ್ನೆ. ಹೊಸಬರ ಪಕ್ಕ ಕೂತು ಹೇಳಿಕೊಟ್ಟರೂ ಸೊನ್ನೆ. ಟೀಮಿನಲ್ಲಿ ಬೇರೆಯವರ ಕೋಡನ್ನು ಅತಿ ಜಾಸ್ತಿ ರಿವ್ಯೂ ಮಾಡುವವರು ಪಟ್ಟಿಯ ಕೊನೆಯಲ್ಲಿ ಕಾಣುತ್ತಾರೆ, ಸುಮ್ನೆ ಆಗಾಗ ಸೇವ್ ಒತ್ತುತ್ತಾ ಕೂತವರು ಮೇಲೆ. ನಿಮಗೆ ನೀವೇ ನೋಡಿಕೊಂಡರೆ ಪರವಾಗಿಲ್ಲ, ಆ ದಿನ ಏನಾಗಿತ್ತು ಅಂತ ನಿಮಗೆ ಗೊತ್ತಿರುತ್ತೆ. ಲೀಡ್‌ಗೆ ಕಾಣೋದು ಬರೀ ಅಂಕಿ.

ಹಳೇ_ಅಡ್ಮಿನ್:
ಟಿಕೆಟ್‌ನಲ್ಲಿ 'ನನ್ನೊಬ್ಬನ ಬಳಕೆಗೆ' ಅಂತ ಸ್ಪಷ್ಟವಾಗಿ ಬರೆಯಿರಿ. ಟೀಮಿನದ್ದು ಬೇರೆ ಟಿಕೆಟ್, ಅದನ್ನು ಲೀಡ್ ಹಾಕಲಿ, ಎಚ್‌ಆರ್ ಕೂಡ ನೋಡಲಿ. ನಿಮ್ಮದಕ್ಕೆ ಎಕ್ಸ್‌ಟೆನ್ಶನ್ ಹೆಸರು, ಬೈನರಿ ಯಾವ ಫೋಲ್ಡರ್‌ನಲ್ಲಿ ಕೂರುತ್ತೆ, ಯಾವ ವಿಳಾಸಕ್ಕೆ ಮಾತಾಡುತ್ತೆ, ಹೆಸರು ಮರೆಮಾಡಿದ ಸಿಎಫ್‌ಜಿ ಫೈಲ್, ಇಷ್ಟು ಸೇರಿಸಿ. ಎಪಿಐ ಕೀ ಸಾಲು ಅಳಿಸಿ ಕಳಿಸಿ, ಅದೂ ಅದೇ ಫೈಲಿನಲ್ಲಿರುತ್ತೆ.